ಹಾಜರಿ ಸರಿ, ಕಲಿತದ್ದೆಷ್ಟು?

2023ರ ಜನವರಿಯಲ್ಲಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ವಿದ್ಯಾರ್ಥಿನಿಯರಿಗೆ ಮುಟ್ಟಿನ ರಜೆ ಕೊಟ್ಟಿತು. ಪರೀಕ್ಷೆಗೆ ಕೂರಲು ಬೇಕಿದ್ದ ಶೇ. 75ರ ಹಾಜರಿ ಅವರಿಗೆ ಶೇ. 73ಕ್ಕೆ ಇಳಿಯಿತು. ಮಾರ್ಚ್‌ನಲ್ಲಿ ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ ಆರು ತಿಂಗಳ ಹೆರಿಗೆ ರಜೆಗೂ ಅವಕಾಶ ಮಾಡಿತು. ದೇಹ ಬಳಲಿದಾಗ ಓದು ಸಾಗದೆಂಬುದನ್ನು ನಿಯಮ ಒಪ್ಪಿತು, ಸರಿ. ಉಳಿದ ಶೇ. 73ರ ಹೊತ್ತಿನಲ್ಲಿ ತರಗತಿಯೊಳಗೆ ಏನಾಗಬೇಕು?

ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಅಮೆರಿಕದ ಸ್ಕಾಟ್ ಫ್ರೀಮನ್ ತಂಡ ಲೆಕ್ಕ ಹಾಕಿತು. ಬರೀ ಉಪನ್ಯಾಸ ಕೇಳಿದವರಲ್ಲಿ ಸುಮಾರು ಶೇ. 34 ಮಂದಿ ಫೇಲಾದರೆ, ತರಗತಿಯಲ್ಲೇ ಚರ್ಚಿಸಿ ಸಮಸ್ಯೆ ಬಿಡಿಸಿದವರಲ್ಲಿ ಶೇ. 22.

ಕೇರಳದ್ದೇ ಪಾಠವೊಂದನ್ನು ತೆಗೆದುಕೊಳ್ಳಿ. 2018ರ ನೆರೆಯ ಬೆನ್ನಿಗೇ ಅಲ್ಲಿ ಇಲಿಜ್ವರ ಹಬ್ಬಿತ್ತು. ಅದರ ಲಕ್ಷಣಗಳನ್ನು ಮೇಷ್ಟ್ರು ಒಂದೊಂದಾಗಿ ಓದಿ ಹೇಳಬಹುದು. ಅದರ ಬದಲು ಹೀಗೂ ಕೇಳಬಹುದು: ‘ನೆರೆಯ ನೀರಲ್ಲಿ ಬರಿಗಾಲಲ್ಲಿ ಓಡಾಡಿದವನಿಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕೆಂಪಗಾದ ಕಣ್ಣು. ಡೆಂಗಿಯೋ, ಇಲಿಜ್ವರವೋ?’ ಪ್ರತಿಯೊಬ್ಬರೂ ಮೊದಲು ತಮ್ಮಷ್ಟಕ್ಕೆ ಉತ್ತರ ಬರೆಯುತ್ತಾರೆ, ಪಕ್ಕದವರೊಡನೆ ವಾದಿಸುತ್ತಾರೆ, ಮತ್ತೆ ಬರೆಯುತ್ತಾರೆ. ಇಲಿಮೂತ್ರ ಬೆರೆತ ನೀರಿನಿಂದ ರೋಗಾಣು ಕಾಲಿನ ಗಾಯದ ಮೂಲಕ ಒಳಸೇರುವ ವಿವರಣೆ ಆಮೇಲೆ. ಅಷ್ಟರಲ್ಲಿ ಅದನ್ನು ತಿಳಿಯುವ ಅಗತ್ಯ ವಿದ್ಯಾರ್ಥಿಗೇ ಹುಟ್ಟಿರುತ್ತದೆ.

ಕಲಿತದ್ದು ಉಳಿಯಬೇಕಾದರೆ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕು. 2006ರ ಪ್ರಸಿದ್ಧ ಪ್ರಯೋಗದಲ್ಲಿ ಪಠ್ಯವನ್ನು ಮತ್ತೊಮ್ಮೆ ಓದಿದವರಿಗೆ ವಾರದ ಬಳಿಕ ನೆನಪಿದ್ದದ್ದು ಶೇ. 42, ಒಮ್ಮೆ ಓದಿ, ನೆನಪಿನಿಂದ ಬರೆದವರಿಗೆ ಶೇ. 56. ಆ ನೆನಪು ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲು ದೊಡ್ಡದು. ಹಾಗಾಗಿ ಸೆಮಿಸ್ಟರ್ ಕೊನೆಯ ಒಂದು ದೊಡ್ಡ ಪರೀಕ್ಷೆಗಿಂತ ವಾರವಾರದ ಪುಟ್ಟ ಪರೀಕ್ಷೆ ಒಳ್ಳೆಯದು. ರಾತ್ರಿಯಿಡೀ ಎದ್ದು ಓದುವ ಪಾಡೂ ತಪ್ಪುತ್ತದೆ.

ಒಂದು ತೊಡಕಿದೆ. 2019ರ ಹಾರ್ವರ್ಡ್ ಅಧ್ಯಯನದಲ್ಲಿ ತಾವೇ ತಲೆ ಓಡಿಸಿದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರೂ ಕಡಿಮೆ ಕಲಿತೆವೆಂದೇ ಭಾವಿಸಿದರು. ಸೊಗಸಾದ ಉಪನ್ಯಾಸ ಎಲ್ಲ ತಿಳಿಯಿತೆಂಬ ಭ್ರಮೆ ಹುಟ್ಟಿಸುತ್ತದೆ. ವಿದ್ಯಾರ್ಥಿಗಳ ಮೆಚ್ಚುಗೆಯೊಂದರಿಂದಲೇ ಮೇಷ್ಟ್ರನ್ನು ಅಳೆದರೆ ಒಳ್ಳೆಯ ವಿಧಾನವೇ ಸೋತೀತು.

2024ರಲ್ಲಿ ಕೇರಳದ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಆರಂಭಿಸಿವೆ. ವರ್ಷ ಹೆಚ್ಚಿಸುವುದು ಆದೇಶದಿಂದ ಆಗುವ ಕೆಲಸ. ಪಾಠದ ನಡುವೆ ಮಾತು ನಿಲ್ಲಿಸಿ ಪ್ರಶ್ನೆ ಕೇಳುವುದನ್ನು ಮಾತ್ರ ಮೇಷ್ಟ್ರುಗಳೇ ರೂಢಿಸಿಕೊಳ್ಳಬೇಕು. ಅದಕ್ಕೆ ತರಬೇತಿಯೂ ಬೇಕು, ಚಿಕ್ಕ ತರಗತಿಗಳೂ ಬೇಕು.