ಓದಿಗೊಂದು ಮಾತ್ರೆ: ಜಾಣತನವೋ, ಅನ್ಯಾಯವೋ?

ಕೆ.ಜಿ.ಎಫ್.: ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದ ಮೇಲೆ ಗಣಿ ಕಾರ್ಮಿಕರ ಎಷ್ಟೋ ಕುಟುಂಬಗಳಿಗೆ ಮಕ್ಕಳ ಓದೇ ಆಸ್ತಿಯಾಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ಮುಂಜಾನೆಯ ರೈಲುಗಳಲ್ಲಿ ನೌಕರರ ಜೊತೆ ವಿದ್ಯಾರ್ಥಿಗಳೂ ಇರುತ್ತಾರೆ. ಹೋಗಿಬರುವುದಕ್ಕೇ ದಿನಕ್ಕೆ ನಾಲ್ಕೈದು ಗಂಟೆ ಬೇಕು. ಪರೀಕ್ಷೆ ಸಮೀಪಿಸಿದಾಗ ಇವರು ಮೊದಲು ಕಳೆದುಕೊಳ್ಳುವುದು ನಿದ್ದೆಯನ್ನು. ‘ನಿದ್ದೆ ಬಾರದು, ಮನಸ್ಸು ಚದುರದು’ ಎಂಬ ಭರವಸೆಯ ಮಾತ್ರೆ ಹಿತವಾಗಿ ಕಾಣುವುದು ಇಂಥ ಹೊತ್ತಿನಲ್ಲೇ. ಅದನ್ನು ನುಂಗಿ ಓದುವುದು ತಪ್ಪೇ?

ಮಾತ್ರೆ ಯಾರಿಗಾಗಿ?

ಹೆಚ್ಚು ಚರ್ಚೆಯಲ್ಲಿರುವ ಔಷಧಗಳು ಎರಡು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ತಯಾರಾದ ಮೀಥೈಲ್‌ಫೆನಿಡೇಟ್ ಅನ್ನು ಗಮನ ಕೊರತೆ ಮತ್ತು ಅತಿಚಟುವಟಿಕೆಯ (ಎಡಿಎಚ್‌ಡಿ) ಚಿಕಿತ್ಸೆಗೆ ನೀಡಲಾಗುತ್ತದೆ. ಹಗಲಿನಲ್ಲೇ ತಡೆಯಲಾಗದ ನಿದ್ದೆ ಆವರಿಸುವ ನಾರ್ಕೊಲೆಪ್ಸಿ ರೋಗಕ್ಕೆ ಮೊಡಾಫಿನಿಲ್ ಬಳಕೆಯಲ್ಲಿದೆ. ರೋಗವಿಲ್ಲದವರು ಸೇವಿಸಿದರೆ ನಿದ್ರಾಹೀನತೆ, ಎದೆಬಡಿತದ ಏರಿಕೆ, ಆತಂಕ ಕಾಣಿಸಿಕೊಳ್ಳಬಹುದು. ಮೀಥೈಲ್‌ಫೆನಿಡೇಟ್ ಚಟಕ್ಕೂ ದಾರಿಯಾಗಬಲ್ಲದು.

ಆದ್ದರಿಂದಲೇ ಭಾರತದಲ್ಲಿ ಮೀಥೈಲ್‌ಫೆನಿಡೇಟ್ ‘ಎಕ್ಸ್’ ಅನುಸೂಚಿಯಲ್ಲಿದೆ. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದನ್ನು ಔಷಧ ಅಂಗಡಿಯವರು ಎರಡು ವರ್ಷ ಕಾಪಾಡಬೇಕು. 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯೂ ಇದಕ್ಕೆ ಅನ್ವಯಿಸುತ್ತದೆ. ಗೆಳೆಯನ ಚಿಕಿತ್ಸೆಯ ಮಾತ್ರೆಯನ್ನು ಹಂಚಿಕೊಳ್ಳುವುದು ಸಣ್ಣ ಉಪಕಾರವೆಂದು ತೋರಿದರೂ ಕಾನೂನು ಅದನ್ನು ಹಾಗೆ ಕಾಣುವುದಿಲ್ಲ.

ಬುದ್ಧಿ ಹೆಚ್ಚುವುದೇ?

2023ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 40 ಮಂದಿ ಆರೋಗ್ಯವಂತರಿಗೆ ಇಂಥ ಔಷಧಗಳನ್ನು ನೀಡಿ ಕಠಿಣ ಲೆಕ್ಕಗಳನ್ನು ಒಡ್ಡಲಾಯಿತು. ನಿಗದಿತ ತೂಕ ಮೀರದಂತೆ ಹೆಚ್ಚು ಬೆಲೆಯ ವಸ್ತುಗಳನ್ನು ಚೀಲಕ್ಕೆ ಆರಿಸುವುದು ಅವುಗಳಲ್ಲೊಂದು. ಔಷಧ ಸೇವಿಸಿದವರು ಹೆಚ್ಚು ಹೊತ್ತು, ಹೆಚ್ಚು ಉತ್ಸಾಹದಿಂದ ಶ್ರಮಿಸಿದರು. ಆದರೆ ಆ ಶ್ರಮದ ಗುಣಮಟ್ಟ ಕುಸಿಯಿತು. ಎಚ್ಚರ ಬಂದಿತೇ ಹೊರತು ವಿವೇಚನೆ ಬರಲಿಲ್ಲ.

ನ್ಯಾಯದ ಪ್ರಶ್ನೆ

ಕ್ರೀಡಾ ಸ್ಪರ್ಧೆಗಳಲ್ಲಿ ಈ ಎರಡೂ ಔಷಧಗಳು ನಿಷಿದ್ಧ. ಪರೀಕ್ಷಾ ಕೊಠಡಿಯಲ್ಲಿ ಅಂಥ ತಪಾಸಣೆಯಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2011ರಲ್ಲಿ, ವೈದ್ಯರ ಸಲಹೆಯಿಲ್ಲದೆ ಓದಿಗಾಗಿ ಔಷಧ ಸೇವಿಸುವುದನ್ನು ಪರೀಕ್ಷಾ ವಂಚನೆಯ ಸಾಲಿಗೆ ಸೇರಿಸಿತು. ಇದಕ್ಕೆ ವ್ಯತಿರಿಕ್ತವಾಗಿ, ಆರೋಗ್ಯವಂತ ವಯಸ್ಕರು ಇವುಗಳನ್ನು ಹೊಣೆಯರಿತು ಬಳಸಲು ಅವಕಾಶವಿರಲಿ ಎಂದು ಕೆಲವು ತಜ್ಞರು 2008ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದ್ದರು. ಕಾಫಿ ಕುಡಿದು ಓದುವುದು ತಪ್ಪಲ್ಲ, ದುಬಾರಿ ಟ್ಯೂಷನ್ನೂ ತಪ್ಪಲ್ಲ, ಮಾತ್ರೆ ಮಾತ್ರ ಏಕೆ ತಪ್ಪು ಎಂಬುದು ಈ ಪಕ್ಷದವರು ಕೇಳಬಹುದಾದ ಪ್ರಶ್ನೆ.

ಪ್ರಶ್ನೆಯಲ್ಲಿ ಹುರುಳಿದೆ. ಆದರೆ ತರಗತಿಯಲ್ಲಿ ನಾಲ್ವರು ಮಾತ್ರೆ ನುಂಗಿದರೆ ಐದನೆಯವನಿಗೆ ತಾನು ಹಿಂದುಳಿಯುವ ಭಯ ಹುಟ್ಟುತ್ತದೆ. ಒಬ್ಬನ ಸ್ವಂತ ಆಯ್ಕೆ ಇನ್ನೊಬ್ಬನಿಗೆ ಒತ್ತಾಯವಾಗುತ್ತದೆ. ಕಾಸಿದ್ದವನಿಗೆ ಮಾತ್ರೆಯೂ ವೈದ್ಯರೂ ಸಿಗುತ್ತಾರೆ. ಇಲ್ಲದವನಿಗೆ ಅಡ್ಡದಾರಿಯ ಅಪಾಯವಷ್ಟೇ ಉಳಿಯುತ್ತದೆ. ದಿನವೂ ರೈಲಿನಲ್ಲಿ ನಿಂತೇ ಬರುವ ವಿದ್ಯಾರ್ಥಿಯ ದಣಿವನ್ನು ಕಾಣದೆ, ಅವನ ಕೈಗೆ ಮಾತ್ರೆ ಸೇರಿದಾಗ ಮಾತ್ರ ದೂರುವುದೂ ನ್ಯಾಯವಲ್ಲ.

ಎಡಿಎಚ್‌ಡಿ ಇರುವ ಮಕ್ಕಳಿಗೆ ಇದೇ ಔಷಧ ಅಗತ್ಯ ಚಿಕಿತ್ಸೆ. ಕಣ್ಣು ಮಂಜಾದವನು ಕನ್ನಡಕ ಧರಿಸುವುದನ್ನು ಯಾರೂ ಮೋಸವೆನ್ನುವುದಿಲ್ಲ. ದುರ್ಬಳಕೆಯ ಚರ್ಚೆ ಅವರಿಗೆ ಕಳಂಕ ತರಬಾರದು.

ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವಲ್ಲಿ ನಿದ್ದೆಯ ಪಾತ್ರ ಹಿರಿದು. ನಿದ್ದೆಗೆಟ್ಟು ಓದುವವನು ಓದಿದ್ದನ್ನೇ ಕಳೆದುಕೊಳ್ಳುವ ಸಂಭವವಿದೆ. ಗಮನದ ಕೊರತೆ ತಿಂಗಳುಗಟ್ಟಲೆ ಕಾಡುತ್ತಿದ್ದರೆ ಮನೋವೈದ್ಯರನ್ನು ಕಾಣುವುದೇ ಸರಿಯಾದ ದಾರಿ. ಪರೀಕ್ಷೆಯ ಆತಂಕಕ್ಕೆ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಸಲಹೆ ದೊರೆಯುತ್ತದೆ.