ಬೆಲ್ ಬಿಟ್ಟು ಉಳಿದೆಲ್ಲ ಸದ್ದು ಮಾಡುವ ಸೈಕಲ್

ಸೈಕಲ್ಲಿನ ಮೇಲಿನ ನಗೆಮಾತುಗಳಿಗೆ ನಮ್ಮಲ್ಲಿ ಬರವಿಲ್ಲ. 'ಬೆಲ್ ಒಂದನ್ನು ಬಿಟ್ಟು ಉಳಿದೆಲ್ಲ ಭಾಗಗಳೂ ಸದ್ದು ಮಾಡುವ ವಾಹನ' ಎಂಬುದು ಅವುಗಳಲ್ಲಿ ಬಲು ಹಳೆಯದು. ತುಂಗಭದ್ರೆಯ ದಂಡೆಯ ಕೆಂಚನಗುಡ್ಡದಲ್ಲಾಗಲಿ, ಹತ್ತಿರದ ಸಿರುಗುಪ್ಪದಲ್ಲಾಗಲಿ, ಬತ್ತದ ಚೀಲಗಳ ಹಿಂದೆಯೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಇಂಥದೊಂದು ಸೈಕಲ್ ಗೋಡೆಗೆ ಒರಗಿ ನಿಂತಿದ್ದರೆ ಆಶ್ಚರ್ಯವಿಲ್ಲ. ಒಂದು ಕಾಲಕ್ಕೆ ಕಪ್ಪಗಿದ್ದ ಬಣ್ಣ, ಅಡ್ಡದಂಡೆ, ಅಗಲವಾದ ಕ್ಯಾರಿಯರ್, ಸೀಟಿನ ಮೇಲೆ ಠಿಕಾಣಿ ಹೂಡಿದ ಕೋಳಿ! ಬೇಸಿಗೆ ರಜೆಯಲ್ಲಿ ಅದು ಮೊಮ್ಮಗನ ಕಣ್ಣಿಗೆ ಬಿದ್ದು, "ತಾತ, ಇದನ್ನ ರಿಪೇರಿ ಮಾಡ್ಲಾ?" ಎಂದು ಕೇಳಿದರೆ ಮನೆಮಂದಿಗೆಲ್ಲ ನಗು.

"ಮಾಡಪ್ಪಾ ಮಾಡು. ಎರಡು ಗಾಲಿ, ಒಂದು ಚೈನು, ಒಂದು ಸೀಟು ಹೊಸದು ಹಾಕಿದ್ರಾತು. ಬೆಲ್ಲು ಮಾತ್ರ ಹಳೇದೇ ಇರ್ಲಿ!"

ನಗುವುದರಲ್ಲಿ ತಪ್ಪಿಲ್ಲ. ಆದರೆ ಮಾತು ನಗೆಯಲ್ಲೇ ಮುಗಿದುಹೋದರೆ ಮೊಮ್ಮಗನಿಗೆ ನಷ್ಟ. ಏಕೆಂದರೆ ಆ ಮೂಲೆಯಲ್ಲಿ ನಿಂತಿರುವುದು ಬಿಚ್ಚಿ ನೋಡಬಹುದಾದ ಒಂದು ಪುಟ್ಟ ಪ್ರಯೋಗಾಲಯ.

ತುಕ್ಕಿನ ಲೆಕ್ಕ

ಮೂರು ಪ್ರನಾಳಗಳಲ್ಲಿ ಮೊಳೆಗಳನ್ನಿಟ್ಟು ನೋಡುವ ಪ್ರಯೋಗ ಪ್ರೌಢಶಾಲೆಯ ಮಕ್ಕಳಿಗೆ ಗೊತ್ತು. ಒಣಗಾಳಿಯಲ್ಲಿರುವ ಮೊಳೆಗೆ ತುಕ್ಕಿಲ್ಲ. ಕುದಿಸಿ ಮೇಲೆ ಎಣ್ಣೆ ಹೊಯ್ದ ನೀರಿನಲ್ಲಿರುವುದಕ್ಕೂ ಇಲ್ಲ. ಗಾಳಿ, ನೀರು ಎರಡೂ ತಗಲುವ ಮೊಳೆಗೆ ಮಾತ್ರ ತುಕ್ಕು ಹಿಡಿಯುತ್ತದೆ. ತೇವ ಹಾಗೂ ಲವಣಾಂಶ ತುಂಬಿದ ದನದ ಕೊಟ್ಟಿಗೆ ಎಂದರೆ ಆ ಮೂರನೆಯ ಪ್ರನಾಳವೇ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಒಣಗಿ ನಿಂತ ಸೈಕಲ್ಲಿಗಿಂತ ಕೊಟ್ಟಿಗೆಯಲ್ಲಿಟ್ಟದ್ದು ಬೇಗ ಹಾಳಾಗುವುದಕ್ಕೆ ಇದೇ ಕಾರಣ.

ಇನ್ನೊಂದು ಸಂಗತಿ ಇದೆ. ತಾನು ಹುಟ್ಟಿದ ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದಲೇ ಹಳೆಯ ನಟ್ಟು ಬೋಲ್ಟುಗಳು, ಸೀಟಿನ ಕಂಬ ಕಚ್ಚಿಕೊಂಡು ಕೂರುತ್ತವೆ. ಅಂಥಲ್ಲಿ ಸುತ್ತಿಗೆಗಿಂತ ತಾಳ್ಮೆ ಮೇಲು. ಸ್ವಲ್ಪ ಡೀಸೆಲ್ ಅಥವಾ ತೆಳುವಾದ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಟ್ಟರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಅದು ಸಂದಿಯೊಳಗೆ ಇಳಿಯುತ್ತದೆ. (ಬೆಂಕಿ ದೂರವಿರಲಿ, ಈ ಕೆಲಸ ಬಯಲಿನಲ್ಲಿ ನಡೆಯಲಿ.) ಇನ್ನು ರಿಮ್ಮಿನ ಮೇಲಿನ ತುಕ್ಕಿಗೆ ಅಡುಗೆಮನೆಯ ಹುಣಿಸೆಹಣ್ಣೇ ಸಾಕು. ಹಿತ್ತಾಳೆ ಪಾತ್ರೆ ಬೆಳಗುವ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಒರೆಸಿ, ಕೂಡಲೇ ಎಣ್ಣೆ ಸವರಬೇಕು. ಇಲ್ಲವಾದರೆ ಮರುದಿನವೇ ತುಕ್ಕು ಮರಳಿ ಹಾಜರು.

ಒಂದೊಂದು ಸದ್ದಿಗೂ ಒಂದು ಕಾರಣ

ಬೆಲ್ಲಿನ ನಗೆಮಾತನ್ನು ಗಮನವಿಟ್ಟು ಕೇಳಿದರೆ ಅದು ರೋಗಪರೀಕ್ಷೆಯೂ ಹೌದು. 'ಕಿರ್ ಕಿರ್' ಎಂದರೆ ಚೈನಿನಲ್ಲಿ ಎಣ್ಣೆ ಒಣಗಿದೆ. ಪೆಡಲಿನ ಪ್ರತಿ ಸುತ್ತಿಗೂ 'ಕಟಕ್' ಎಂದರೆ ಕಾಟರ್ ಪಿನ್ ಸಡಿಲಾಗಿದೆ. ಗಾಲಿ ತಿರುಗಿಸಿದಾಗ 'ಗರಗರ' ಎಂದರೆ ನಡುವಿನ ಬೇರಿಂಗಿನ ಉಕ್ಕಿನ ಗುಂಡುಗಳು ಗ್ರೀಸ್ ಕಾಣದೆ ಸವೆಯುತ್ತಿವೆ. 'ಲಟಪಟ' ಎಂದರೆ ಮಡ್‌ಗಾರ್ಡಿನ ಸ್ಕ್ರೂ ಎಲ್ಲೋ ಉದುರಿದೆ. ಪಾಪ, ಬೆಲ್ಲು ಮೌನವಾಗಿರುವುದು ಒಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿದೆ ಎಂದು. ಒಂದು ಹನಿ ಎಣ್ಣೆ ಬಿದ್ದರೆ ಅದೂ ಬಾಯಿ ಬಿಟ್ಟೀತು.

ಬಿಚ್ಚುವಾಗ ಒಂದು ಎಚ್ಚರ ಬೇಕು. ಎಡಗಡೆಯ ಪೆಡಲಿನ ತಿರುಪು ಉಲ್ಟಾ. ಎಲ್ಲ ಬೋಲ್ಟುಗಳಂತೆ ಅದನ್ನೂ ಎಡಕ್ಕೆ ತಿರುಗಿಸಿ ಬಿಚ್ಚಲು ಹೋದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ತುಳಿಯುವಾಗ ಪೆಡಲ್ ತಾನಾಗಿ ಕಳಚಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು ಇದು. 1903ರಲ್ಲಿ ವಿಮಾನ ಹಾರಿಸಿದ ರೈಟ್ ಸಹೋದರರು ಅಮೆರಿಕದ ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಎಂಬುದನ್ನು ಇಲ್ಲಿ ನೆನೆಯಬಹುದು. ಅವರ ವಿಮಾನದ ಪ್ರೊಪೆಲರುಗಳನ್ನು ತಿರುಗಿಸಿದ್ದೂ ಚೈನುಗಳೇ.

ಗಣಿತಕ್ಕೂ ಇಲ್ಲಿ ಕೆಲಸವಿದೆ. ದೊಡ್ಡ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇವೆ ಎನ್ನೋಣ. ಪೆಡಲ್ ಒಂದು ಸುತ್ತು ಬಂದರೆ ಗಾಲಿ ಸುಮಾರು 2.44 ಸುತ್ತು. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಅಂದರೆ ಒಂದು ಸುತ್ತಿಗೆ ಐದು ಮೀಟರಿಗೂ ಹೆಚ್ಚು ದೂರ. ಐದು ಕಿಲೋಮೀಟರ್ ದೂರದ ಶಾಲೆಗೆ ಎಷ್ಟು ಸುತ್ತು ತುಳಿಯಬೇಕು? ಮಕ್ಕಳು ಮನೆಯ ಸೈಕಲ್ಲಿನ ಹಲ್ಲುಗಳನ್ನು ತಾವೇ ಎಣಿಸಿ ಲೆಕ್ಕ ಹಾಕಲಿ.

'ಹಳೇ ಸೈಕಲ್ಲಿಗೆ ಸಾಮಾನು ಎಲ್ಲಿ ಸಿಕ್ಕೀತು?' ಎಂಬ ಪ್ರಶ್ನೆ ಸಹಜ. 1951ರಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು. ಆದರೂ ಚಿಂತೆಯಿಲ್ಲ. ದೊಡ್ಡ ಸೈಕಲ್ಲುಗಳ ಅಳತೆ ಬಹುಮಟ್ಟಿಗೆ ಒಂದೇ. ಒಂದು ಕಂಪನಿಯ ಸೈಕಲ್ಲಿಗೆ ಇನ್ನೊಂದರ ಟೈರು, ಟ್ಯೂಬು, ಚೈನು ಹೊಂದುತ್ತವೆ. ಕೊಳ್ಳುವುದಕ್ಕೆ ಮೊದಲು ಫ್ರೇಮಿನ ಬೆಸುಗೆಗಳನ್ನೂ ಫೋರ್ಕನ್ನೂ ಒಬ್ಬ ಮೆಕ್ಯಾನಿಕ್‌ಗೆ ತೋರಿಸಬೇಕು. ಅಲ್ಲಿ ಬಿರುಕಿದ್ದರೆ ಆ ಸೈಕಲ್ಲಿನ ಆಸೆ ಬಿಡುವುದೇ ಜಾಣತನ. ಬಿರುಕಿಲ್ಲದಿದ್ದರೆ ಉಳಿದದ್ದೆಲ್ಲ ಬದಲಿಸಬಹುದಾದ ಸಾಮಾನು. ಬ್ರೇಕ್ ರಬ್ಬರ್ ಮಾತ್ರ ಹೊಸದೇ ಆಗಬೇಕು. ಅದರಲ್ಲಿ ಉಳಿತಾಯ ಸಲ್ಲದು.

ಗಾಲಿಗೂ ಶಾಲೆಗೂ ಇರುವ ನಂಟು

ಇಷ್ಟೆಲ್ಲ ಶ್ರಮ ಒಂದು ಹಳೆಯ ಸೈಕಲ್ಲಿಗೇಕೆ? ಬಿಹಾರದಲ್ಲಿ 2006ರಲ್ಲಿ ಪ್ರೌಢಶಾಲೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಿತು. ಅದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಅವರು, ಹೆಣ್ಣುಮಕ್ಕಳ ದಾಖಲಾತಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲಿನಷ್ಟು ಏರಿತೆಂದು ಕಂಡುಕೊಂಡರು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಈ ಪ್ರಯೋಜನ ಹೆಚ್ಚು. ಓದು ನಿಂತುಹೋಗುವುದಕ್ಕೆ ಎಷ್ಟೋ ವೇಳೆ ಕಾರಣ ನಡುವಿನ ಹಾದಿ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ರಾಜ್ಯದಲ್ಲೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಕೊರೊನಾ ಬಂದ 2020ರ ನಂತರ ವಿತರಣೆ ಸ್ಥಗಿತಗೊಂಡಿತು. ಅಣ್ಣ ಅಕ್ಕಂದಿರಿಗೆ ಬಂದ ಆ ಸೈಕಲ್ಲುಗಳಲ್ಲಿ ಎಷ್ಟೋ ಈಗ ಪಂಕ್ಚರ್ ಆಗಿ, ಬ್ರೇಕ್ ಕಿತ್ತು ಮನೆಗಳಲ್ಲಿ ನಿಂತಿರಬಹುದು. ತಾತನ ಕಾಲದ ಸೈಕಲ್ಲಿಗೆ ನಡೆಯುವ ಚಿಕಿತ್ಸೆ ಅವಕ್ಕೂ ನಡೆಯುತ್ತದೆ. ನೀರಿನ ಬುಟ್ಟಿಯಲ್ಲಿ ಟ್ಯೂಬ್ ಅದ್ದಿ ಗುಳ್ಳೆ ಹುಡುಕುವುದನ್ನು ಹೆಣ್ಣುಮಕ್ಕಳಿಗೂ ಕಲಿಸಿದರೆ, ಒಂದು ಪಂಕ್ಚರಿಗಾಗಿ ಶಾಲೆ ತಪ್ಪುವುದು ನಿಲ್ಲುತ್ತದೆ.

ಆದ್ದರಿಂದ ಪಾಲಕರಲ್ಲಿ ಒಂದು ಮನವಿ. ಮಗು ಹಳೆಯ ಸೈಕಲ್ ಎಳೆದುಕೊಂಡು ಅಂಗಳಕ್ಕೆ ಬಂದಾಗ ಧಾರಾಳವಾಗಿ ನಗಿ. ಜೊತೆಗೆ ಒಂದು ಪಾನಾ, ಒಂದು ಹಳೆಯ ಬಟ್ಟೆ, ಸ್ವಲ್ಪ ಎಣ್ಣೆ ಕೊಡಿ. ಕೈಗೆ ಮಸಿಯಾಗುತ್ತದೆಂದು ಗದರಬೇಡಿ. ರಜೆ ಮುಗಿಯುವಷ್ಟರಲ್ಲಿ ಆ ಸೈಕಲ್ ಹೊಸದರಂತೆ ಹೊಳೆಯದಿರಬಹುದು. ಪ್ರಾರ್ಥನೆಯ ಗಂಟೆ ಬಾರಿಸುವ ಮುನ್ನ ಮಗುವನ್ನು ಶಾಲೆ ಮುಟ್ಟಿಸಿದರೆ ಅಷ್ಟೇ ಸಾಕು.