ದೇಹದ ನೀರಿನ ಜಮಾ-ಖರ್ಚು

ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟು ನಾಲ್ಕು ಸಲ ಭೇದಿಯಾಯಿತೆಂದರೆ ಒಂದು ಮಾತು ಕೇಳಿಬರುವುದುಂಟು: 'ನೀರು ಕೊಡಬೇಡಿ, ಇನ್ನೂ ಜಾಸ್ತಿಯಾಗುತ್ತೆ!' ಕೇಳಲು ಸರಿಯೆನಿಸಿದರೂ ಇದು ಅಪಾಯದ ಮಾತು. ಭೇದಿಯಲ್ಲಿ ಬಹಳ ಸಲ ಜೀವ ತೆಗೆಯುವುದು ರೋಗಾಣು ಅಲ್ಲ, ದೇಹದಿಂದ ಹೊರಟುಹೋದ ನೀರು ಮತ್ತು ಉಪ್ಪಿನ ನಷ್ಟ.

ನರ್ಸಿಂಗ್ ಓದುವವರಿಗೆ 'ಪ್ಯಾಥೋಫಿಸಿಯಾಲಜಿ' ಎಂಬ ಪಾಠವಿರುತ್ತದೆ. ಹೆಸರು ಉದ್ದ, ಅರ್ಥ ಸರಳ. ಕಾಯಿಲೆ ಬಂದಾಗ ದೇಹದ ಕೆಲಸ ಎಲ್ಲಿ ತಪ್ಪುತ್ತದೆ, ಅದನ್ನು ಸರಿದೂಗಿಸಲು ದೇಹ ಏನು ಮಾಡುತ್ತದೆ ಎಂಬ ವಿಚಾರ ಅದು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಅದು ಜಮಾ-ಖರ್ಚಿನ ಲೆಕ್ಕದಂತೆಯೇ ಕಾಣುತ್ತದೆ.

ಮಕ್ಕಳೇ, ಈ ಲೆಕ್ಕ ನೋಡಿ. ದೊಡ್ಡವರ ಕರುಳಿಗೆ ದಿನಕ್ಕೆ ಸುಮಾರು 9 ಲೀಟರ್ ದ್ರವ ಬರುತ್ತದೆ. ನಾವು ಕುಡಿದದ್ದು, ಊಟದಲ್ಲಿ ಬಂದದ್ದು ಅದರಲ್ಲಿ ಸುಮಾರು 2 ಲೀಟರ್ ಮಾತ್ರ. ಉಳಿದದ್ದೆಲ್ಲ ಜೊಲ್ಲು, ಜಠರರಸ, ಪಿತ್ತರಸ ಮುಂತಾಗಿ ದೇಹವೇ ಕೊಟ್ಟ ಸಾಲ. ಸಂಜೆಯೊಳಗೆ ಕರುಳು ಆ ಸಾಲವನ್ನೆಲ್ಲ ಹೀರಿ ರಕ್ತಕ್ಕೆ ಹಿಂದಿರುಗಿಸುತ್ತದೆ. ಮಲದಲ್ಲಿ ಹೋಗುವುದು ಒಂದು ಲೋಟದಷ್ಟೂ ಇಲ್ಲ. ಎಂಥ ಪ್ರಾಮಾಣಿಕ ಗುಮಾಸ್ತ!

ಕಾಲರಾದಂಥ ರೋಗ ಬಂದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ರೋಗಾಣುವಿನ ವಿಷ ಕರುಳಿನ ಗೋಡೆಯಿಂದ ಉಪ್ಪು-ನೀರನ್ನು ಹೊರಕ್ಕೆ ಸುರಿಸುತ್ತದೆ. ರಕ್ತದ ಪ್ರಮಾಣ ಇಳಿಯುತ್ತದೆ. ದೇಹ ಸುಮ್ಮನಿರುವುದಿಲ್ಲ. ಇರುವಷ್ಟು ರಕ್ತವನ್ನೇ ಬೇಗ ಸುತ್ತಿಸಲು ಹೃದಯ ಜೋರಾಗಿ ಬಡಿಯುತ್ತದೆ. ಮಿದುಳು, ಹೃದಯಗಳಿಗೆ ರಕ್ತ ಉಳಿಸಲು ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಅದಕ್ಕೇ ಕೈಕಾಲು ತಣ್ಣಗಾಗುತ್ತದೆ. ಮೂತ್ರಪಿಂಡ ನೀರು ಬಿಡದೆ ಕೂಡಿಡುತ್ತದೆ, ಅದಕ್ಕೇ ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುತ್ತದೆ. ನರ್ಸ್ ಬಂದು ನಾಡಿ ಹಿಡಿಯುವುದು, ನಾಲಿಗೆ ನೋಡುವುದು, 'ಮೂತ್ರ ಹೋಯಿತಾ?' ಎಂದು ಕೇಳುವುದು ಈ ಖಾತೆಯ ಬಾಕಿ ತಿಳಿಯಲಿಕ್ಕೆ.

ಆದರೆ ವಿಷ ಕೆಡಿಸಲಾಗದ ಬಾಗಿಲೊಂದು ಕರುಳಿನಲ್ಲಿ ಉಳಿದಿರುತ್ತದೆ. ಸಕ್ಕರೆಯ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಬಂದರೆ ಆ ಬಾಗಿಲು ಎರಡನ್ನೂ ಒಳಗೆ ಬಿಡುತ್ತದೆ. ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಓಆರ್‌ಎಸ್‌ನ ಗುಟ್ಟು ಇದೇ.

1971ರಲ್ಲಿ ಬಾಂಗ್ಲಾ ವಿಮೋಚನೆಯ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿದ್ದರು. ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೂ ರೋಗಿಗಳು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಅಳೆದು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕಲಸಿ, ಡ್ರಮ್ಮುಗಳಲ್ಲಿ ಇರಿಸಿದರು. ಲೋಟದಲ್ಲಿ ತುಂಬಿ ಕುಡಿಸಿದವರು ರೋಗಿಗಳ ಮನೆಯವರೇ. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಮನೆಯಲ್ಲಿ ನಾವು ಮಾಡಬೇಕಾದದ್ದೇನು? ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಇಡೀ ಪೊಟ್ಟಣ ಹಾಕಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ. ಚಮಚ ಗೋಪುರವಾಗಬಾರದು, ಮಟ್ಟವಾಗಿರಬೇಕು. ಸಕ್ಕರೆ ಹೆಚ್ಚಾದರೆ ಅದೇ ಕರುಳಿಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಅಂಗಡಿಯ ಸಿಹಿ ಪಾನೀಯ ಇದಕ್ಕೆ ಬದಲಿಯಲ್ಲ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕೊಡಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಕಲಸಿದ ನೀರು 24 ಗಂಟೆ ಕಳೆದರೆ ಚೆಲ್ಲಿಬಿಡಿ.

ಅಜ್ಜ-ಅಜ್ಜಿಯರೇ, ನಮಗೊಂದು ವಿಶೇಷ ಎಚ್ಚರಿಕೆ. ವಯಸ್ಸಾದಂತೆ ಬಾಯಾರಿಕೆಯ ಗಂಟೆ ಮೆಲ್ಲಗೆ ಬಾರಿಸುತ್ತದೆ. ದೇಹದಲ್ಲಿ ನೀರಿನ ಉಳಿತಾಯವೂ ಕಡಿಮೆ. ಚರ್ಮ ಮೊದಲೇ ಸಡಿಲವಾದ್ದರಿಂದ ಚಿವುಟಿ ನೋಡಿ ತಿಳಿಯುವುದೂ ಕಷ್ಟ. ಬಾಯಾರಿಕೆಗೆ ಕಾಯದೆ ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಬೇಕು.

ಮಂಪರು, ಗುಳಿಬಿದ್ದ ಕಣ್ಣು, ಮಲದಲ್ಲಿ ರಕ್ತ, ಗಂಟೆಗಟ್ಟಲೆ ಮೂತ್ರವಿಲ್ಲದಿರುವುದು, ಕುಡಿದದ್ದು ಒಂದೂ ನಿಲ್ಲದಿರುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ, ಎಚ್ಚರವಿದ್ದು ನುಂಗಲು ಆಗುವವರಿಗೆ, ಚಮಚ ಚಮಚವಾಗಿ ಕುಡಿಸುತ್ತಲೇ ಇರಿ. ಖರ್ಚು ತಕ್ಷಣ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ, ಜಮಾ ಮಾಡುವುದು ನಮ್ಮ ಕೈಯಲ್ಲಿದೆ.